ಕಾನ್ವೆಂಟ್ ಸಾಲಿಯ ಹಿಂದಿನ ಕಥೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ 'ಕಾನ್ವೆಂಟ್' ಅಂದರೆ ಇಂಗ್ಲಿಷ್ ಸಾಲಿ ಎಂದಷ್ಟೇ ಅರ್ಥ. ಸ್ವಾಮಿಗಳ ಟ್ರಸ್ಟು ನಡೆಸಿದರೂ ಅದು ಕಾನ್ವೆಂಟ್, ಮುಸ್ಲಿಂ ಸಂಸ್ಥೆಯೊಂದು ನಡೆಸಿದರೂ ಕಾನ್ವೆಂಟ್, ಯಾರೋ ವ್ಯಾಪಾರಿ ಎರಡು ಕೋಣೆ ಬಾಡಿಗೆಗೆ ಹಿಡಿದು ಬೋರ್ಡು ತೂಗುಹಾಕಿದರೂ ಕಾನ್ವೆಂಟ್. ಆ ಪದದ ಮೂಲ ಅರ್ಥ ಕ್ರೈಸ್ತ ಸನ್ಯಾಸಿನಿಯರು ಕೂಡಿ ಬಾಳುವ ಮನೆ. ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ಮಠವೇ. ಹಾಗಾಗಿ 'ಮಠದವರ ಕಾನ್ವೆಂಟ್' ಎನ್ನುವಾಗ ನಾವು ಒಂದೇ ಮಾತನ್ನು ಎರಡು ಸಲ ಆಡಿದ ಹಾಗಾಗುತ್ತದೆ.

ಪದ ನಮ್ಮ ಬಯಲುಸೀಮೆಗೆ ಬಂದು ನೆಲೆಸಿತು. ಆದರೆ ಅದರ ಹಿಂದಿದ್ದ ಸಂಗತಿ ಅಷ್ಟು ಸುಲಭವಾಗಿ ಬರಲಿಲ್ಲ. ಕೆಥೊಲಿಕರು ಶಾಲೆ ಕಟ್ಟಿದ್ದು ಮೊದಲು ಇಂಗ್ಲಿಷ್ ಕಲಿಸುವುದಕ್ಕಲ್ಲ, ತಮ್ಮ ಮನೆಗಳಲ್ಲಿ ನಂಬಿಕೆಯನ್ನು ಉಳಿಸಿಕೊಳ್ಳುವುದಕ್ಕೆ. ಅದು ಹೇಗೆ ನಡೆಯಿತು ಎಂದು ತಿಳಿಯಲು ಕರಾವಳಿಗೆ, ಮಂಗಳೂರಿಗೆ ಹೋಗಬೇಕು.

1784ರಲ್ಲಿ, ಎರಡನೆಯ ಮೈಸೂರು ಯುದ್ಧ ಮುಗಿಯುತ್ತಿದ್ದ ಹೊತ್ತಿನಲ್ಲಿ, ಟಿಪ್ಪು ಸುಲ್ತಾನ್ ಕೆನರಾದ ಕೆಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರು ಇಂಗ್ಲಿಷರಿಗೆ ನೆರವಾದರು ಎಂಬುದು ಆರೋಪ. ಎಷ್ಟು ಜನ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮೂವತ್ತು ಸಾವಿರ ಎನ್ನುವವರಿದ್ದಾರೆ, ಅದರ ಎರಡು ಪಟ್ಟು ಎನ್ನುವವರೂ ಇದ್ದಾರೆ. ಟಿಪ್ಪುವನ್ನು ಪ್ರೀತಿಸುವ ಓದುಗರಿಗೆ ಈ ಅಧ್ಯಾಯ ಕಹಿಯೇ. ಆದರೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಶೃಂಗೇರಿ ಮಠಕ್ಕೆ ಅವನು ಬರೆದ ಕಾಗದಗಳು ಎಷ್ಟು ನಿಜವೋ ಈ ಸೆರೆಯೂ ಅಷ್ಟೇ ನಿಜ. ಚರ್ಚುಗಳನ್ನು ಕೆಡವಲಾಯಿತು, ಪಾದ್ರಿಗಳನ್ನು ಗಡಿ ದಾಟಿಸಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಊರಿಗೆ ಮರಳಿದವರು ಹೋದವರಲ್ಲಿ ಒಂದು ಭಾಗ ಮಾತ್ರ.

ನಮ್ಮ ಗಮನ ಇರಬೇಕಾದದ್ದು ಆ ಹದಿನೈದು ವರ್ಷಗಳ ಮೇಲೆ. ಚರ್ಚಿಲ್ಲ, ಪಾದ್ರಿಯಿಲ್ಲ, ಶಾಲೆಯಂತೂ ಮೊದಲೇ ಇರಲಿಲ್ಲ. ಹಾಗಿದ್ದೂ ಮರಳಿ ಬಂದವರು ಕೆಥೊಲಿಕರಾಗಿಯೇ ಬಂದರು. ಉಳಿದದ್ದು ಮನೆಯೊಳಗಿನ ಪ್ರಾರ್ಥನೆ. ಕೊಂಕಣಿ ಕೆಥೊಲಿಕರ ಮನೆಗಳಲ್ಲಿ ಮುಸ್ಸಂಜೆಗೆ ದೀಪ ಹಚ್ಚಿ ಎಲ್ಲರೂ ಮಂಡಿಯೂರಿ ಜಪಮಣಿ ಹಿಡಿದು ಹೇಳುವ ಪ್ರಾರ್ಥನೆಗೆ 'ತೇರ್ಸ್' ಎನ್ನುತ್ತಾರೆ. ಅದು ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು 'ಬೆಸಾಂವ್', ಅಂದರೆ ಆಶೀರ್ವಾದ, ಬೇಡುತ್ತಾರೆ. ಇದಕ್ಕೆ ಪಾದ್ರಿ ಬೇಕಿಲ್ಲ, ಕಟ್ಟಡ ಬೇಕಿಲ್ಲ, ಪುಸ್ತಕವೂ ಬೇಕಿಲ್ಲ. ಅಜ್ಜಿಗೆ ಬಾಯಿಪಾಠ ಇದ್ದರೆ ಸಾಕು.

ಮರಳಿದವರಿಗೆ ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೊನ ಆಡಳಿತದಲ್ಲಿ ಹಳೆಯ ಜಮೀನುಗಳು ಸಾಕಷ್ಟು ಸಿಕ್ಕವು. ಚರ್ಚುಗಳು ಮತ್ತೆ ಎದ್ದವು. ಮುಂದಿನ ಐವತ್ತು ವರ್ಷ ಗೋವಾದ ಅಧಿಕಾರ ಹೆಚ್ಚೋ ರೋಮಿನದು ಹೆಚ್ಚೋ ಎಂಬ ಜಗಳದಲ್ಲಿ ಕಳೆದವು. ಅದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಹೊಸ ಅಪಾಯ ಬಂದದ್ದು ಸೆರೆಮನೆಯಿಂದಲ್ಲ, ನೌಕರಿಯಿಂದ. 1854ರ ವುಡ್‌ನ ವರದಿಯ ನಂತರ ಸರಕಾರ ಖಾಸಗಿ ಶಾಲೆಗಳಿಗೆ ಅನುದಾನ ಕೊಡತೊಡಗಿತು. ಇಂಗ್ಲಿಷ್ ಕಲಿತವನಿಗೆ ಕಚೇರಿಯಲ್ಲಿ ಕೆಲಸ. ಮಂಗಳೂರಿನಲ್ಲಿ ಆಗ ಸರಕಾರಿ ಶಾಲೆಯಿತ್ತು, ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಶಾಲೆಯಿತ್ತು. ಹುಡುಗ ಬುದ್ಧಿವಂತನಾಗಿ ಮನೆಗೆ ಬರುತ್ತಾನೆ, ಆದರೆ ತೇರ್ಸ್ ಹೇಳಲು ಕೂರುತ್ತಾನೆಯೇ? ತಂದೆತಾಯಿಗಳ ಈ ಭಯವೇ ಮುಂದಿನದಕ್ಕೆಲ್ಲ ಕಾರಣ. ಯೇಸುಸಭೆಯ ಪಾದ್ರಿಗಳನ್ನು ಕಳುಹಿಸಿ, ನಮಗೊಂದು ಕಾಲೇಜು ಬೇಕು ಎಂದು ಮಂಗಳೂರಿನ ಕೆಥೊಲಿಕರು ರೋಮಿಗೆ ಮನವಿಗಳನ್ನು ಕಳುಹಿಸಿದರು. ಶಾಲೆ ಮೇಲಿನಿಂದ ಇಳಿದು ಬಂದದ್ದಲ್ಲ, ಮನೆಗಳಿಂದ ಕೇಳಿ ಪಡೆದದ್ದು.

ಹೆಣ್ಣುಮಕ್ಕಳ ಶಾಲೆ ಇನ್ನೂ ಮೊದಲೇ ಬಂತು. ಉಸ್ಮಾನಿಯಾ ಸುಲ್ತಾನರ ರಾಜಧಾನಿ ಇಸ್ತಾಂಬುಲ್‌ನಲ್ಲಿ 1823ರಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ, ಬಳಿಕ ಕೆಥೊಲಿಕಳಾದ ಸೋಫಿ ಲೀವ್ಸ್, ಅಂದರೆ ಮದರ್ ವೆರೊನಿಕಾ, 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಎಂಬ ಸಭೆಯನ್ನು ಆರಂಭಿಸಿದರು. ಆ ಸಭೆಯ ಸಿಸ್ಟರುಗಳು 1870ರಲ್ಲಿ ಮಂಗಳೂರಿಗೆ ಬಂದು ಸೇಂಟ್ ಆ್ಯನ್ಸ್ ಶಾಲೆ ನಡೆಸಿದರು. 1878ರ ಡಿಸೆಂಬರ್ 31ರಂದು ಇಟಲಿಯ ಯೇಸುಸಭೆಯವರು ಬಂದಿಳಿದರು, 1880ರ ಜನವರಿಯಲ್ಲಿ ಸೇಂಟ್ ಅಲೋಶಿಯಸ್ ತೆರೆಯಿತು. ಅದು ನಿಂತಿರುವುದು ಬಾವುಟಗುಡ್ಡೆಯಲ್ಲಿ, ಟಿಪ್ಪುವಿನ ಕಾಲದ್ದೆನ್ನುವ ಈದ್ಗಾದ ನೆರೆಯಲ್ಲಿ. ಟಿಪ್ಪುವಿನ ಸೆರೆಯಿಂದ ಮರಳಿದವರ ಮೊಮ್ಮಕ್ಕಳು ಕಟ್ಟಿಸಿಕೊಂಡ ಕಾಲೇಜಿಗೂ ಆ ಈದ್ಗಾಕ್ಕೂ ನೂರಕ್ಕೂ ಹೆಚ್ಚು ವರ್ಷಗಳಿಂದ ಒಂದೇ ಗುಡ್ಡ.

ಈ ಶಾಲೆಗಳು ಮನೆಯ ನಂಬಿಕೆಯನ್ನು ಬೆಳೆಸಿದ ಬಗೆ ಸರಳವಾದದ್ದು. ಒಂದೇ ಅಂಗಳದಲ್ಲಿ ಚರ್ಚು ಮತ್ತು ಶಾಲೆ. ಪಾಠದ ವೇಳೆಯಲ್ಲೇ ಕೆಥೊಲಿಕ ಮಕ್ಕಳಿಗೆ ಧರ್ಮೋಪದೇಶದ ತರಗತಿ. ಯೇಸುಸಭೆಯವರ ಶಾಲೆಗಳಲ್ಲಿ 'ಸೊಡ್ಯಾಲಿಟಿ' ಎಂಬ ವಿದ್ಯಾರ್ಥಿ ಸಂಘ, ಇದು 1563ರಲ್ಲಿ ರೋಮಿನಲ್ಲಿ ಶುರುವಾದ ಪದ್ಧತಿ. ಇವೆಲ್ಲಕ್ಕಿಂತ ದೊಡ್ಡದು 1910ರಲ್ಲಿ ಪೋಪ್ ಹತ್ತನೆಯ ಪಯಸ್ ಹೊರಡಿಸಿದ ಒಂದು ಆಜ್ಞೆ. ಅಲ್ಲಿಯವರೆಗೆ ಮಕ್ಕಳು ಪರಮಪ್ರಸಾದವನ್ನು ಮೊದಲ ಬಾರಿಗೆ ಪಡೆಯುತ್ತಿದ್ದದ್ದು ಹತ್ತು, ಹನ್ನೆರಡು, ಕೆಲವು ಕಡೆ ಹದಿನಾಲ್ಕನೆಯ ವಯಸ್ಸಿನಲ್ಲಿ. ಪೋಪರು ಅದನ್ನು ಸುಮಾರು ಏಳಕ್ಕೆ ಇಳಿಸಿದರು. ಮಗು ಸಿದ್ಧವಾಗಿದೆಯೇ ಎಂದು ನೋಡುವ ಹೊಣೆಯನ್ನು ತಂದೆತಾಯಿಗಳಿಗೂ ಪಾಪನಿವೇದನೆ ಕೇಳುವ ಗುರುವಿಗೂ ಒಪ್ಪಿಸಿದರು.

ಇದರ ಪರಿಣಾಮ ಮನೆಯ ಮೇಲಾಯಿತು. ಏಳು ವರ್ಷದ ಮಗು ತಾನಾಗಿ ಸಿದ್ಧವಾಗುವುದಿಲ್ಲ. ತಾಯಿ ಅದರ ಜೊತೆ ಕೂತು ಪ್ರಾರ್ಥನೆಗಳನ್ನು ಹೇಳಿಸಬೇಕು, ಹೇಳಿಸುವಾಗ ತಾನು ಮರೆತದ್ದು ಅವಳಿಗೇ ಗೊತ್ತಾಗುತ್ತದೆ. ಮಗುವಿಗೆ ಬಿಳಿ ಬಟ್ಟೆ ಹೊಲಿಸುವ ಅಪ್ಪನಿಗೆ, ತಾನು ಚರ್ಚಿಗೆ ಹೋಗಿ ಎಷ್ಟು ದಿನವಾಯಿತು ಎಂಬ ಪ್ರಶ್ನೆ ಎದುರಾಗುತ್ತದೆ. ಹೀಗೆ ಶಾಲೆ ಮಗುವಿಗೆ ಕಲಿಸಿತು, ಮಗು ಮನೆಯವರನ್ನು ಎಳೆದು ತಂದಿತು. ರಂಜಾನಿನಲ್ಲಿ ಮೊದಲ ರೋಜಾ ಹಿಡಿಯುವ ಮಗು ಮನೆಯಲ್ಲಿ ಎಂಥ ಗದ್ದಲ ಎಬ್ಬಿಸುತ್ತದೆ ಎಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯೊಳಗೇ ಇತ್ತು. ಆ ಹಳೆಯ ಜಿಲ್ಲೆಗೆ ಮೊದಲು ಬಂದ ಮಿಶನ್ ಶಾಲೆ ಕೆಥೊಲಿಕರದಲ್ಲ, ಬಾಸೆಲ್ ಮಿಶನ್‌ನದು: ಧಾರವಾಡದಲ್ಲಿ 1837, ಹುಬ್ಬಳ್ಳಿಯಲ್ಲಿ 1839, ಬೆಟಗೇರಿಯಲ್ಲಿ 1841. ಕೆಥೊಲಿಕರ ಹಳೆಯ ಶಾಲೆ ಎಂದರೆ ದೂರದ ಬೆಳಗಾವಿಯ ದಂಡಿನ ಪ್ರದೇಶದ ಸೇಂಟ್ ಪಾಲ್ಸ್, 1856ರದ್ದು. ಬೆಳಗಾವಿ ಧರ್ಮಪ್ರಾಂತ ಆದದ್ದೇ 1953ರಲ್ಲಿ. ಸಿಸ್ಟರುಗಳು, ಫಾದರುಗಳು ಬಯಲುಸೀಮೆಯ ತಾಲೂಕು ಊರುಗಳಿಗೆ ಬಂದು ಶಾಲೆ ತೆರೆದಾಗ ಅವರ ಮುಂದೆ ಇದ್ದ ಜನ ಬೇರೆ. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯಲ್ಲಿ ಸುಮಾರು 16 ಲಕ್ಷ ಜನ. ಮುಸ್ಲಿಮರು ಐದಾರು ಜನರಲ್ಲಿ ಒಬ್ಬರು, ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಬೆಂಚಿನ ಮೇಲೆ ಕೂತವರು ಮೆಣಸಿನಕಾಯಿ ದಲಾಲರ ಮಕ್ಕಳು, ಬೀಜದ ವ್ಯಾಪಾರಿಗಳ ಮಕ್ಕಳು, ಲಿಂಗಾಯತರು, ಕುರುಬರು, ನಮ್ಮವರು. ಮಂಗಳೂರಿನಲ್ಲಿ ಮನೆಗಳು ಶಾಲೆಯನ್ನು ಬೇಡಿ ಪಡೆದವು. ಇಲ್ಲಿ ಶಾಲೆ ಮನೆಗಳನ್ನು ಹುಡುಕಬೇಕಾಯಿತು, ಸಿಕ್ಕ ಮನೆಗಳು ಕೇಳಿದ್ದು ಇಂಗ್ಲಿಷನ್ನು ಮಾತ್ರ.

ಸಂವಿಧಾನವೂ ಇಲ್ಲಿ ಒಂದು ಗೆರೆ ಎಳೆದಿದೆ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 28ನೇ ವಿಧಿಯ ಮೂರನೇ ಕಲಮು ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಯ ತರಗತಿಗೆ ಕೂರಿಸುವಂತಿಲ್ಲ ಎನ್ನುತ್ತದೆ. ಈ ಎರಡರ ನಡುವಿನ ದಾರಿಯೇ ಕಾನ್ವೆಂಟುಗಳ 'ಮಾರಲ್ ಸೈನ್ಸ್'. ಕೆಥೊಲಿಕ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರು ಸುಳ್ಳು ಹೇಳಬಾರದು, ಹಿರಿಯರನ್ನು ಗೌರವಿಸಬೇಕು ಎಂದು ಓದುತ್ತಾರೆ. ಒಳ್ಳೆಯ ಪಾಠವೇ. ಆದರೆ ಅದನ್ನು ಓದಿದ ಮಗು ಮನೆಗೆ ಬಂದು ಯಾರನ್ನೂ ಯಾವ ಪ್ರಾರ್ಥನೆಗೂ ಎಳೆಯುವುದಿಲ್ಲ.

ಇದಕ್ಕೆ ಸಿಸ್ಟರುಗಳನ್ನು ದೂರುವುದು ಅನ್ಯಾಯ. ಅವರ ಚರ್ಚೇ ಈ ಮಾತನ್ನು ಒಪ್ಪಿಕೊಂಡಿದೆ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಎರಡು ಘೋಷಣೆಗಳನ್ನು ಹೊರಡಿಸಿತು. ಶಿಕ್ಷಣದ ಕುರಿತಾದದ್ದು ಮಕ್ಕಳಿಗೆ ಮೊದಲ ಗುರುಗಳು ತಂದೆತಾಯಿಗಳೇ, ಶಾಲೆ ಅವರಿಗೆ ನೆರವಾಗುವಂಥದ್ದು ಎಂದಿತು. ಇನ್ನೊಂದು, ಏಕದೇವನನ್ನು ಆರಾಧಿಸುವ, ಈಸಾ ಅವರನ್ನು ಪ್ರವಾದಿಯೆಂದೂ ಮರ್ಯಮರನ್ನು ಪವಿತ್ರಳೆಂದೂ ಮನ್ನಿಸುವ ಮುಸ್ಲಿಮರನ್ನು ಚರ್ಚು ಗೌರವದಿಂದ ಕಾಣುತ್ತದೆ ಎಂದಿತು. ಎರಡೂ ಒಂದೇ ದಿನದವು. ರಾಣೆಬೆನ್ನೂರಿನ ಮುಸ್ಲಿಂ ತಾಯಿ ಮಗಳನ್ನು ಕಾನ್ವೆಂಟಿಗೆ ಸೇರಿಸುವಾಗ ಈ ಎರಡೂ ಕಾಗದಗಳು ಅವಳ ಪರವಾಗಿಯೇ ಇವೆ.

ಈ ಸೀಮೆಗೆ ಬೇರೆ ಧರ್ಮದವರ ಬಳಿ ಕಲಿಯುವುದು ಹೊಸದೂ ಅಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಕಳಸದ ಗೋವಿಂದ ಭಟ್ಟರ ಶಿಷ್ಯರು, ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಸಾಲಿ ಮಾಸ್ತರರೂ ಆಗಿದ್ದವರು. ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಮೊದಲ ಅಕ್ಷರ ಕಲಿತದ್ದು ಆ ಊರಲ್ಲೇ. ಗುರು ಯಾವ ಧರ್ಮದವರು ಎಂಬುದರಿಂದ ಅವರ ಮನೆಗಳ ನಂಬಿಕೆ ಅಲುಗಲಿಲ್ಲ, ಏಕೆಂದರೆ ನಂಬಿಕೆಯ ಪಾಠ ನಡೆಯುತ್ತಿದ್ದದ್ದು ಬೇರೆ ಹೊತ್ತಿನಲ್ಲಿ, ಬೇರೆ ಜಾಗದಲ್ಲಿ.

ಈಗ ಕಳೆದುಹೋಗುತ್ತಿರುವುದು ಆ ಹೊತ್ತು. ನಮ್ಮಲ್ಲಿ ಬೆಳಗಿನ ಮಕ್ತಬದ ವೇಳೆಗೆ ಸರಿಯಾಗಿ ಸ್ಕೂಲ್ ವ್ಯಾನು ಓಣಿಯ ತುದಿಗೆ ಬಂದು ಹಾರ್ನ್ ಹಾಕುತ್ತದೆ. ನಾವೇ ಕಟ್ಟಿದ ಶಾಲೆಗಳೂ ಕಾನ್ವೆಂಟಿನ ಟೈ, ಬೂಟು, ಡೈರಿಯನ್ನು ತಂದವೇ ಹೊರತು ಮಗುವಿನ ಜೊತೆ ಮನೆಯವರನ್ನೂ ಕರೆದು ಕೂರಿಸುವ ಆ ಹಳೆಯ ಜಾಣ್ಮೆಯನ್ನು ತರಲಿಲ್ಲ. ಅರಬಿ ಪಾಠಕ್ಕೆ ಒಂದು ಪೀರಿಯಡ್ ಇಟ್ಟು ಕೈತೊಳೆದುಕೊಂಡವು. ಸಂಜೆಯ ಮಾತೂ ಅಷ್ಟೇ. ಮಗ್ರಿಬ್‌ನಿಂದ ಇಶಾವರೆಗಿನ ಸಮಯ ಟ್ಯೂಶನ್ನಿನದಾಗಿದೆ. ಲಿಂಗಾಯತರ ಮನೆಯಲ್ಲಿ ದೀಪ ಹಚ್ಚಿ ವಿಭೂತಿ ಧರಿಸುವ ಹೊತ್ತೂ ಅದೇ, ಕರಾವಳಿಯಲ್ಲಿ ತೇರ್ಸ್ ಹೇಳುವ ಹೊತ್ತೂ ಅದೇ. ಅಲ್ಲಿಯೂ ಜಪಮಣಿ ಹಿಡಿಯಬೇಕಾದ ಮಕ್ಕಳು ಕೋಚಿಂಗ್ ಕ್ಲಾಸಿನಿಂದ ಇನ್ನೂ ಮನೆಗೆ ಬಂದಿರುವುದಿಲ್ಲ.