ರುಜು

ಪುಣೆಯ ಖರಾಡಿಯ ಐಟಿ ಪಾರ್ಕಿನಲ್ಲಿ ಯಾರಾದರೂ ಕೆಲಸಕ್ಕೆ ಸೇರಿದರೆ ಮರಾಠಿಯಲ್ಲಿ ‘ರುಜೂ ಝಾಲೇ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಸಹಿ ಹಾಕಿದಂತೆ ಕೇಳುತ್ತದೆ. ಎರಡರ ಬೇರೂ ಒಂದೇ: ಮರಳುವುದು ಎಂಬರ್ಥದ ಅರಬ್ಬಿ ಪದ. ‘ಋಜು’ ಎಂದು ತಿದ್ದುವವರಿದ್ದಾರೆ. ದಯವಿಟ್ಟು ತಿದ್ದಬೇಡಿ, ನೇರ ಎಂಬರ್ಥದ ಆ ಸಂಸ್ಕೃತ ಪದವೇ ಬೇರೆ. ಮರಾಠಿಯಲ್ಲಿ ರುಜು ಎಂದರೆ ತಾಳೆ ನೋಡಿ ಸರಿಯೆನಿಸಿದ್ದು ಎಂದೂ ಅರ್ಥ. ನಮ್ಮ ‘ರುಜುವಾತು’ ಅದೇ ಬಳ್ಳಿಯದು.

ಆ ಹಳೆಯ ಅರ್ಥ ಎಕ್ಸ್‌ಎಂಎಲ್ ಕಡತದ ಡಿಜಿಟಲ್ ರುಜುವಿನಲ್ಲಿ ಇನ್ನೂ ಉಸಿರಾಡುತ್ತಿರುವುದು ನನಗೆ ತುಂಬ ಇಷ್ಟ. 2002ರಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ ಒಪ್ಪಿದ ಪದ್ಧತಿಯಲ್ಲಿ ಇಡೀ ಕಡತಕ್ಕೆ ರುಜು ಹಾಕಲೇಬೇಕೆಂದಿಲ್ಲ. ಬಿಲ್ಲಿನ ಮೊತ್ತದ ಭಾಗಕ್ಕೊಂದು ಐಡಿ ಕೊಟ್ಟು, ಕೋಡಿನಲ್ಲಿ ‘#ಮೊತ್ತ’ ಎಂದು ತೋರಿಸಿದರೆ ಅಷ್ಟರದೇ ಹ್ಯಾಶ್, ಅಂದರೆ ಗಣಿತದ ಬೆರಳಚ್ಚು, ಸಿದ್ಧವಾಗುತ್ತದೆ. ಆ ಹ್ಯಾಶ್ ಇರುವ ಸಾಲುಗಳಿಗೆ ಖಾಸಗಿ ಕೀಲಿಯಿಂದ ರುಜು ಬೀಳುತ್ತದೆ. ಷರಾ ಬರೆಯುವ ಜಾಗ ಹೊರಗುಳಿಯುವುದರಿಂದ ಮುಂದಿನ ಮೇಜಿನವರು ಅಲ್ಲಿ ಬರೆದರೂ ರುಜು ಕೆಡದು. 500 ಇದ್ದದ್ದನ್ನು 5000 ಮಾಡಿದರೆ ಮಾತ್ರ ಹ್ಯಾಶ್ ತಾಳೆಯಾಗದೆ ರುಜುವಾತು ಬಿದ್ದುಹೋಗುತ್ತದೆ. ತಾಳೆಯಾದರೂ ಒಂದು ಎಚ್ಚರ ಬೇಕು: ರುಜು ಬಿದ್ದಿರುವುದು ನಮ್ಮ ಕೋಡು ಓದುತ್ತಿರುವ ಭಾಗಕ್ಕೇನಾ ಎಂದು ನೋಡಬೇಕು. ಅಸಲಿ ಮೊತ್ತವನ್ನು ಮೂಲೆಗೆ ಸರಿಸಿ, ಅದರ ಜಾಗದಲ್ಲಿ ನಕಲಿಯನ್ನು ಕೂರಿಸುವ ಕಳ್ಳರಿದ್ದಾರೆ.