ಆನೆ ಇದ್ದ ಮಾತ್ರಕ್ಕೆ ಟಿಪ್ಪು ಕಾಸಲ್ಲ

ನಮ್ಮ ಸೀಮೆಯಲ್ಲಿ ಹಳೇ ತಾಮ್ರದ ಬಿಲ್ಲೆಯ ಮೇಲೆ ಆನೆ ಕಂಡರೆ ಮುಗಿಯಿತು, ಅದು ಟಿಪ್ಪು ಕಾಸು. ಚಾಮರಾಜನಗರದ ಸಂತೆಯಲ್ಲಿ ಕೇಳಿ, ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಕೇಳಿ, ಇದೇ ಉತ್ತರ. ತಾತ ಬಿಟ್ಟುಹೋದ ಬಿಸ್ಕತ್ ಡಬ್ಬಿಯ ಮೇಲೂ ಚಿಕ್ಕಪ್ಪ ಹಾಗೇ ಬರೆದು ಚೀಟಿ ಅಂಟಿಸಿದ್ದರು. ಒಳಗೆ ಇದ್ದದ್ದು ಮೂರು ಕಾಲದ ಆನೆಗಳು.

ತಾತನದು ಗುಂಡ್ಲುಪೇಟೆಯಲ್ಲಿ ದಿನಸಿ ಅಂಗಡಿ. ಊಟಿ ದಾರಿಯೂ ಸುಲ್ತಾನ್ ಬತ್ತೇರಿ ದಾರಿಯೂ ಕವಲೊಡೆಯುವ ಊರು. ಗಲ್ಲಾಪೆಟ್ಟಿಗೆಗೆ ಯಾವ ಯಾವ ಸೀಮೆಯ ದುಡ್ಡೋ ಬಂದು ಬೀಳುತ್ತಿತ್ತು. ನಡೆಯದ ಕಾಸೆಲ್ಲ ಡಬ್ಬಿಗೆ. ಅದರಲ್ಲಿ ದಪ್ಪನೆಯದೊಂದನ್ನು ಇಂಗು ತೂಗಲು ತೊಲದ ಬೊಟ್ಟಾಗಿ ಬಳಸುತ್ತಿದ್ದರಂತೆ. ನಾನು ಗಣಿತದ ಮೇಷ್ಟ್ರಾಗಿದ್ದವನು, ಓದುವುದಕ್ಕಿಂತ ಮೊದಲು ತೂಗುವವನು. ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟರೆ 11.4 ಗ್ರಾಂ. ತೊಲ ಎಂದರೆ 11.66. ಗಿರಾಕಿಯಿಂದ ತಾತ ಪ್ರತಿ ಸಲವೂ ಕಾಲು ಗ್ರಾಂ ಉಳಿಸಿಕೊಂಡ ಲೆಕ್ಕವಾಯಿತು!

ಆ ಬೊಟ್ಟು ನಿಜಕ್ಕೂ ಟಿಪ್ಪುವಿನದೇ. ಅವನ ಪೈಸೆಯ ತೂಕವೇ ಸುಮಾರು ಅಷ್ಟು. ಅರ್ಧ, ಕಾಲು, ಅರೆಕಾಲು ಪೈಸೆಗಳು ಅದೇ ಲೆಕ್ಕದಲ್ಲಿ ಇಳಿಯುತ್ತವೆ. ಟಿಪ್ಪು ಇವಕ್ಕೆಲ್ಲ ಆಕಾಶದ ಹೆಸರಿಟ್ಟಿದ್ದ: ಪೈಸೆ ಜೊಹ್ರಾ, ಅಂದರೆ ಶುಕ್ರ, ಅರ್ಧ ಪೈಸೆ ಬಹ್ರಾಮ್, ಮಂಗಳ, ಕಾಲು ಪೈಸೆ ಅಖ್ತರ್, ನಕ್ಷತ್ರ, ಅರೆಕಾಲು ಕುತ್ಬ್, ಧ್ರುವ. ವರ್ಷ ಬರೆದಿರುವುದು ಆನೆಯ ಬೆನ್ನಿನ ಮೇಲ್ಗಡೆ. ಹಿಜರಿ ಬಿಟ್ಟು, ಪೈಗಂಬರರ ಜನನದಿಂದ ಎಣಿಸುವ ಮೌಲೂದಿ ಶಕೆ ತಂದ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1218 ನಮ್ಮ ಕಣ್ಣಿಗೆ 8121 ಆಗಿ ಕಾಣುತ್ತದೆ. ತಾತನ ಬೊಟ್ಟಿನಲ್ಲಿದ್ದದ್ದು 1221. ಯಾವ ಕಡೆಯಿಂದ ಓದಿದರೂ ಅಷ್ಟೇ. ನಮ್ಮ ಲೆಕ್ಕದಲ್ಲಿ 1793ರ ಸುಮಾರು.

ಹಿಂಬದಿಯ ಪಾರ್ಸಿಯನ್ನು ಉರ್ದು ಶಾಲೆಯ ಮೇಷ್ಟ್ರೊಬ್ಬರು ಓದಿಕೊಟ್ಟರು. ಹೆಚ್ಚಿನವು ಪಟನ್, ಎಂದರೆ ಶ್ರೀರಂಗಪಟ್ಟಣದ ಟಂಕಸಾಲೆಯವು. ಒಂದರ ಮೇಲೆ ಮಾತ್ರ ಸಲಾಮಾಬಾದ್ ಎಂದಿತ್ತು. ಅದು ಯಾವ ದೂರದ ಊರೂ ಅಲ್ಲ, ದಿಂಬಂ ಘಾಟಿ ಇಳಿದರೆ ಸಿಗುವ ಸತ್ಯಮಂಗಲ! 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಗಜಲಹಟ್ಟಿ ಕಣಿವೆ ಇಳಿದು ಇಂಗ್ಲಿಷರ ಮೇಲೆ ಬಿದ್ದದ್ದು ಅಲ್ಲೇ. ಮದರಾಸು ಮ್ಯೂಸಿಯಂ ನೋಡಿಕೊಂಡಿದ್ದ ಹೆಂಡರ್ಸನ್ ಹೈದರ್ ಮತ್ತು ಟಿಪ್ಪು ನಾಣ್ಯಗಳ ಮೇಲೆ 1921ರಲ್ಲಿ ತಂದ ಪುಸ್ತಕದಲ್ಲಿ ಈ ಟಂಕಸಾಲೆಗಳ ಹೆಸರೆಲ್ಲ ಬಿಡಿಸಿಟ್ಟಿದ್ದಾನೆ. ಕೈಯಲ್ಲಿ ಭೂತಗನ್ನಡಿ ಹಿಡಿದವರಿಗೆ ಇವತ್ತಿಗೂ ಅದೇ ದಿಕ್ಕು.

ಎರಡನೆಯ ಆನೆ ಸಣ್ಣದು, ಒರಟು, ಸವಕಲು. ತಿರುಗಿಸಿದರೆ ಅಕ್ಷರವೇ ಇಲ್ಲ. ಅಡ್ಡಡ್ಡ ಉದ್ದುದ್ದ ಗೆರೆಗಳ ಚೌಕುಳಿ, ನಡುನಡುವೆ ಚಿಕ್ಕ ಗುರುತುಗಳು. ಹೈದರನಿಗೂ ಹಿಂದಿನ, ಒಡೆಯರ ಕಾಲದ ಮೈಸೂರು ಕಾಸು ಇದು. ಈ ಜಾತಿಯಲ್ಲಿ ಆನೆಯ ಬದಲು ಬರೀ ಕನ್ನಡ ಅಂಕಿ ಇರುವವೂ ಉಂಟು. ಅಪ್ಪನ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿದ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದವರು. ಆದರೆ ಹೆಸರಿಲ್ಲದ ಕಾಸನ್ನು ಊರಭಿಮಾನಕ್ಕಾಗಿ ಅವರ ತಲೆಗೆ ಕಟ್ಟುವುದು ನನಗೆ ಸರಿಕಾಣದು.

ಮೂರನೆಯದು ಮುಮ್ಮಡಿ ಕೃಷ್ಣರಾಜರ ಆನೆ. ಇದನ್ನು ಗುರುತಿಸಲು ಯಾವ ಪಂಡಿತರೂ ಬೇಡ. ಮೇಲೆ ಸೂರ್ಯ ಚಂದ್ರರ ನಡುವೆ ಕನ್ನಡದ 'ಶ್ರೀ', ಹಿಂಬದಿಯಲ್ಲಿ ಕನ್ನಡದಲ್ಲೇ ಮಯಿಲಿ ಕಾಸು ಇಪ್ಪತ್ತು, ಜೊತೆಗೆ ಇಂಗ್ಲಿಷಿನಲ್ಲಿ ಇಪ್ಪತ್ತು ಕ್ಯಾಷ್. ಮುಂದೆ ಆನೆಯ ಜಾಗಕ್ಕೆ ಸಿಂಹ ಬಂತು. ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ಅರಿಕುಠಾರಕ್ಕೆ 1818ರಲ್ಲಿ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದ ದೊರೆಯ ಕಾಸನ್ನೇ ಚಾಮರಾಜನಗರದವರು ಟಿಪ್ಪುವಿನದು ಅನ್ನುತ್ತಾರಲ್ಲ, ಅದೇ ನನಗೆ ಸೋಜಿಗ.

1818 ಅಂದಾಗ ಇನ್ನೊಂದು ನೆನಪಾಗುತ್ತದೆ. ಡಬ್ಬಿಯಲ್ಲಿ ಅದೇ ಇಸವಿಯ ಬಿಲ್ಲೆಯೊಂದಿತ್ತು: ಒಂದು ಕಡೆ ರಾಮ, ಸೀತೆ, ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ. ಕಂಪನಿ ಇಂಥದ್ದನ್ನು ಎಂದೂ ಹೊರಡಿಸಲಿಲ್ಲ. ಕಂಪನಿ ಮದರಾಸಿಗಾಗಿ 1808ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅಚ್ಚು ಹಾಕಿಸಿ ತರಿಸಿದ ಇಪ್ಪತ್ತು ಕಾಸಿನ ಮೇಲೆ ಇರುವುದು ಲಾಂಛನ ಹಿಡಿದ ಸಿಂಹಗಳು ಮತ್ತು ಪಾರ್ಸಿ ಬರಹ. ರಾಮನ ಬಿಲ್ಲೆ ಆಮೇಲೆ ಯಾರೋ ಮಾರಾಟಕ್ಕೆಂದು ಒತ್ತಿದ್ದು. ವಾಟ್ಸ್ಯಾಪಿನಲ್ಲಿ ಇದಕ್ಕೆ ಲಕ್ಷಗಟ್ಟಲೆ ಬೆಲೆ. ಹಳೇ ನಾಣ್ಯ ಕೊಳ್ಳುತ್ತೇವೆಂದು ನಂಬಿಸಿ ಮುಂಗಡ ಕೀಳುವವರಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಇಷ್ಟನ್ನೂ ಭಾವನವರಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆನೆದೆಲ್ಲ ನೀವೇ ಮಡಿಕಳಿ ಮೇಷ್ಟ್ರೆ, ರಾಮಂದು ನಂಗಿರ್ಲಿ" ಎಂದು ಅದನ್ನು ತೆರಕಣಾಂಬಿಗೆ ಒಯ್ದರು.