ಕಾರ್ಯಮಂತ್ರದ ಐದು ಅಂಗಗಳು: ಶಿವನಸಮುದ್ರದ ದೃಷ್ಟಾಂತ

ಕಾರ್ಯವೊಂದನ್ನು ಕೈಗೊಳ್ಳುವ ಮುನ್ನ ರಾಜನು ಮಂತ್ರಿಗಳೊಡನೆ ನಡೆಸಬೇಕಾದ ಆಲೋಚನೆಗೆ ಐದು ಅಂಗಗಳುಂಟೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿರುವನು. ಆರಂಭದ ಉಪಾಯ, ಪುರುಷ ಮತ್ತು ದ್ರವ್ಯಗಳ ಸಮೃದ್ಧಿ, ದೇಶಕಾಲಗಳ ವಿಭಾಗ, ವಿಪತ್ತಿಗೆ ಪ್ರತೀಕಾರ, ಕಾರ್ಯಸಿದ್ಧಿ ಎಂಬಿವೇ ಆ ಐದು. ಬಹುಕಾಲ ಕಾಣೆಯಾಗಿದ್ದ ಈ ಗ್ರಂಥವು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಮುದ್ರಣಗೊಂಡಿತು. ಅದಕ್ಕೆ ಏಳು ವರ್ಷ ಮೊದಲೇ ಅದೇ ಸಂಸ್ಥಾನದಲ್ಲಿ ಈ ಐದು ಅಂಗಗಳನ್ನೂ ಬಹುಮಟ್ಟಿಗೆ ಒಳಗೊಂಡ ಕಾರ್ಯವೊಂದು ಸಿದ್ಧಿಸಿದ್ದಿತು. ಅದು ಶಿವನಸಮುದ್ರದ ವಿದ್ಯುತ್ ಯೋಜನೆ. ಅದರ ಹೊಣೆ ಹೊತ್ತವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು.

1883ರಲ್ಲಿ ದಿವಾನ್ ರಂಗಾಚಾರ್ಲು ಅವರು ಅಧಿಕಾರದಲ್ಲಿರುವಾಗಲೇ ತೀರಿಕೊಳ್ಳಲು, ಶೇಷಾದ್ರಿ ಅಯ್ಯರವರು ಆ ಸ್ಥಾನಕ್ಕೆ ಬಂದರು. ಹಿಂದಿನವರು 1881ರಲ್ಲಿ ಸ್ಥಾಪಿಸಿದ್ದ ಪ್ರಜಾಪ್ರತಿನಿಧಿ ಸಭೆಯನ್ನು ಅವರು ಮುಂದುವರಿಸಿದರು. ಯೋಗ್ಯರನ್ನು ಆರಿಸಿಕೊಳ್ಳಲೆಂದು 1891ರಲ್ಲಿ ಮೈಸೂರು ಸಿವಿಲ್ ಸರ್ವೀಸಿನ ಪರೀಕ್ಷೆಯನ್ನು ಏರ್ಪಡಿಸಿದರು.

ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುವುದನ್ನು ಎಷ್ಟೋ ತಲೆಮಾರುಗಳು ಕಂಡು ಬೆರಗಾಗಿದ್ದವು. ಆ ಜಲಶಕ್ತಿಯಿಂದ ವಿದ್ಯುತ್ತನ್ನು ಪಡೆಯಬಹುದೆಂಬ ಮಾತು ಬಂದಾಗ ದಿವಾನರು ವಿಚಾರಿಸಬೇಕಾಗಿದ್ದುದು ವಿದ್ಯುತ್ತನ್ನು ಕೊಳ್ಳುವವರಾರೆಂಬುದನ್ನು. ಕೋಲಾರದ ಚಿನ್ನದ ಗಣಿಗಳು ಸೌದೆಯನ್ನೂ ಕಲ್ಲಿದ್ದಲನ್ನೂ ಸುಟ್ಟು ಹಬೆಯಂತ್ರಗಳನ್ನು ನಡೆಸುತ್ತಿದ್ದವು. ಆ ಗಣಿಗಳೊಡನೆ ಒಪ್ಪಂದ ಮಾಡಿಕೊಂಡರೆ ಬೊಕ್ಕಸದ ಹಣಕ್ಕೆ ಆಧಾರವಿರುವುದೆಂದು ಅವರು ಕಂಡುಕೊಂಡರು. ಇದೇ ಆರಂಭದ ಉಪಾಯ.

ಎರಡನೆಯದು ಪುರುಷ ಮತ್ತು ದ್ರವ್ಯ. ಸಂಸ್ಥಾನದ ಸೇವೆಯಲ್ಲಿದ್ದ ಎಂಜಿನಿಯರ್ ಕ್ಯಾಪ್ಟನ್ ಡಿ ಲಾಟ್ಬಿನಿಯರ್ ಅವರಿಗೆ ಕೆಲಸವನ್ನು ವಹಿಸಿ, ಯೂರೋಪು ಅಮೆರಿಕಗಳಲ್ಲಿ ಇಂತಹ ಸ್ಥಾವರಗಳನ್ನು ನೋಡಿಬರಲು ಅವರನ್ನು ಕಳುಹಿಸಲಾಯಿತು. ತಾವು ಅರಿಯದ ವಿದ್ಯೆಯಲ್ಲಿ ಅರಿತವನ ಮಾತನ್ನು ನಂಬುವುದೂ ನಾಯಕನ ಗುಣವೇ ಸರಿ. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯಿಂದಲೂ, ವಿದ್ಯುಜ್ಜನಕಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ಬಂದವು.

ದೇಶಕಾಲಗಳ ಗಣನೆ ಇದಕ್ಕಿಂತಲೂ ಕಠಿಣವಾಗಿದ್ದಿತು. ಜಲಪಾತದಿಂದ ಗಣಿಗಳಿಗೆ 92 ಮೈಲಿಗಳಷ್ಟು ತಂತಿಯನ್ನು ಎಳೆಯಬೇಕಾಗಿದ್ದಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ನಿದರ್ಶನವು ಆಗ ಭಾರತದಲ್ಲಿ ಇರಲಿಲ್ಲ.

ಹೀಗಿರುವಲ್ಲಿ ವಿಪತ್ತು ಬಂದಿತು. ಅದು ಯಂತ್ರಗಳಿಗಲ್ಲ, ನಾಯಕನಿಗೇ ಬಂದಿತು. ಹದಿನೆಂಟು ವರ್ಷಗಳ ದುಡಿಮೆಯಿಂದ ದೇಹ ಕುಗ್ಗಿ, 1901ರಲ್ಲಿ ದಿವಾನರು ಅಧಿಕಾರವನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 13ರಂದು ಅವರು ಕಾಲವಶರಾದರು. ಪ್ರಭುವಿನ ಕಣ್ಣೆದುರಿನಲ್ಲಿ ಮಾತ್ರ ನಡೆಯುವ ಕೆಲಸವಾಗಿದ್ದರೆ ಅದು ಅಲ್ಲಿಗೇ ನಿಲ್ಲಬೇಕಾಗಿದ್ದಿತು. ಆದರೆ ಹೊಣೆಯು ತಕ್ಕವರ ಕೈಯಲ್ಲಿದ್ದುದರಿಂದಲೂ, ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರ ಆಳ್ವಿಕೆಯ ಆಶ್ರಯವಿದ್ದುದರಿಂದಲೂ ಕೆಲಸ ಮುಂದುವರಿಯಿತು. 1902ರ ಜೂನ್ 30ರಂದು ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಬೀಜ ಬಿತ್ತಿದವರು ಫಲವನ್ನು ಕಾಣಲಿಲ್ಲ.

ಇದರಲ್ಲಿ ಕೊರತೆ ಇರಲಿಲ್ಲವೆನ್ನುವಂತಿಲ್ಲ. ಬೇಸಗೆಯಲ್ಲಿ ಕಾವೇರಿ ಬಡವಾಗುವಳು. ವಿದ್ಯುತ್ತಿನ ಬೇಡಿಕೆ ಬೆಳೆದಂತೆ ಆ ನೀರು ಸಾಲದಾಯಿತು. 1911ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟಿಗೆ ಈ ಅಭಾವವೂ ಒಂದು ಕಾರಣ. ಇನ್ನು ಆಡಳಿತದಲ್ಲಿ ಉನ್ನತ ಹುದ್ದೆಗಳು ಮದರಾಸಿನವರ ಪಾಲಾದುವೆಂಬ ಅಸಮಾಧಾನವು ಸಂಸ್ಥಾನದವರಲ್ಲಿ ಬೇರೂರಿದ್ದಿತು. ಯೋಗ್ಯರನ್ನು ಹುಡುಕುವವನು ಮನೆಯವರ ಮನಸ್ಸನ್ನೂ ಗಳಿಸಬೇಕೆಂಬ ಪಾಠವು ಇದರಲ್ಲಿದೆ.

ಆದಾಗ್ಯೂ ಒಂದು ಮಾತು ನಿಲ್ಲುವುದು. ಕಚೇರಿಯಾಗಲಿ, ಶಾಲೆಯಾಗಲಿ, ಸಂಸ್ಥಾನವಾಗಲಿ, ಯಜಮಾನನು ಎದುರಿಗಿದ್ದಾಗ ಎಲ್ಲವೂ ಅಚ್ಚುಕಟ್ಟಾಗಿಯೇ ತೋರುವುದು. ಅವನು ಎದ್ದುಹೋದ ಮರುದಿನವೂ ಕೆಲಸವು ಅದೇ ಹಾದಿಯಲ್ಲಿ ನಡೆಯುವುದೇ ಎಂಬುದರಿಂದ ಅವನ ಆಲೋಚನೆಯ ನಿಜವಾದ ಬೆಲೆಯು ತಿಳಿಯುವುದು. ಶೇಷಾದ್ರಿ ಅಯ್ಯರವರ ಆಲೋಚನೆಗೆ ಆ ಪರೀಕ್ಷೆ ಒಂಬತ್ತು ತಿಂಗಳು ನಡೆಯಿತು. ಅದರಲ್ಲಿ ಅದು ತೇರ್ಗಡೆಯಾಯಿತು.